ಇಪ್ಪತ್ತರವರೆಗೆ

ಹನ್ನೊಂದಕ್ಕೆ ಬರುವ ಹೊತ್ತಿಗೆ ಚಂದ್ರಯ್ಯನ ಸಿಟ್ಟು ಅರ್ಧವಾದರೂ ಇಳಿದಿರಬೇಕಾಗಿತ್ತು. ಇಳಿದಿರಲಿಲ್ಲ. ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ, ತುಟಿಯನ್ನಷ್ಟೇ ಆಡಿಸುತ್ತ ಹನ್ನೆರಡು, ಹದಿಮೂರು ಎಂದು ಒಳಗೊಳಗೇ ಎಣಿಸುತ್ತ ಹೋದ. ಹಾಜರಿ ಪುಸ್ತಕಕ್ಕೆ ಯಾರೋ ಸಗಣಿ ಮೆತ್ತಿದ್ದರು. ಯಾರೋ ಅನ್ನುವುದು ಮಾತಿಗೆ. ಮೆತ್ತಿದವನು ಪಟೇಲ ಹುಲಿಯಪ್ಪನ ಮಗ ದೇವರಾಜು ಎಂಬುದು ಅಲ್ಲಿದ್ದ ನಲವತ್ತೊಂದು ಮಕ್ಕಳಿಗೂ ಗೊತ್ತಿತ್ತು, ಮೇಷ್ಟರಾದ ಚಂದ್ರಯ್ಯನಿಗೂ ಗೊತ್ತಿತ್ತು, ಹೊರಗೆ ಜಗಲಿಯ ಮೇಲೆ ಕಂಬಕ್ಕೊರಗಿ ಎಲೆಗೆ ಸುಣ್ಣ ಸವರುತ್ತಿದ್ದ ಹುಲಿಯಪ್ಪನಿಗೂ ಗೊತ್ತಿತ್ತು.

"ಎಲ್ಡು ಬುಡಿ ಸಾ," ಎಂದ ಹುಲಿಯಪ್ಪ ಕೂತಲ್ಲಿಂದಲೇ. "ಕಣ್ಣೊಂದು ಬುಟ್ಟು ಮಿಕ್ಕಿದ್ದೆಲ್ಲಾ ನಿಮ್ದೇಯ. ನಂದೇನೂ ಅಡ್ಡಿ ಇಲ್ಲ."

ಆ ಔದಾರ್ಯ ಎಂಥದೆಂದು ಚಂದ್ರಯ್ಯ ಬಲ್ಲ. ಹಿಂದೆ ಇದ್ದ ಮೇಷ್ಟರು ಇದೇ ಮಾತನ್ನು ನಂಬಿ ದೇವರಾಜುವಿಗೆ ಹುಣಸೆ ಬರಲಿನಲ್ಲಿ ಎರಡೇಟು ಬಿಟ್ಟಿದ್ದರು. ತಿಂಗಳು ತುಂಬುವುದರೊಳಗೆ ಅವರಿಗೆ ಘಟ್ಟದಂಚಿನ ಚಳಿಜ್ವರದ ಊರೊಂದಕ್ಕೆ ವರ್ಗವಾಯಿತು. ಪಟೇಲನಿಗೆ ಸಹಿ ಹಾಕುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆದರೆ ಮೇಲಿನವರ ಕಿವಿ ಊದುವುದಕ್ಕೆ ಅಕ್ಷರ ಬೇಕಾಗಿರಲಿಲ್ಲ.

ಇಪ್ಪತ್ತಾಯಿತು. ಚಂದ್ರಯ್ಯ ಕಣ್ಣು ಬಿಟ್ಟ. ಕೋಣೆಯಲ್ಲಿ ಒಬ್ಬರೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಒಂದನೇ ಕ್ಲಾಸಿನ ಪುಟ್ಟವು ಸ್ಲೇಟನ್ನು ಎದೆಗೆ ಅವುಚಿಕೊಂಡು ಕೂತಿದ್ದವು. ಹದಿಮೂರು ವರ್ಷಕ್ಕೆ ಮೂರನೇ ಕ್ಲಾಸಿನಲ್ಲಿದ್ದು, ಮೂತಿಯ ಮೇಲೆ ಮೀಸೆ ಚಿಗುರುತ್ತಿದ್ದ ದೇವರಾಜು ಕೂಡ ಕೈಕಟ್ಟಿ ನೆಲ ನೋಡುತ್ತಿದ್ದ. ಚಂದ್ರಯ್ಯನಿಗೆ ಹೆಮ್ಮೆಯಾಯಿತು. ಸಗಣಿಯನ್ನು ಕಾಗದದಲ್ಲಿ ಒರೆಸಿ, ಸಮಾಧಾನದ ದನಿಯಲ್ಲಿ ಹೆಸರು ಕೂಗತೊಡಗಿದ.

ಈ ಎಣಿಕೆಯನ್ನು ಅವನಿಗೆ ಕೊಟ್ಟವರು ಹಾಸನದಲ್ಲಿ ತರಬೇತಿಯ ವರ್ಷ ಮನಶ್ಶಾಸ್ತ್ರ ಹೇಳಿದ ನಂಜಯ್ಯನವರು. ಹಳ್ಳಿಯ ಶಾಲೆಯಲ್ಲಿ ಒಂದು ದಿನವೂ ಬಳಪ ಹಿಡಿಯದ ಆ ಮಹಾನುಭಾವರು ಹಳ್ಳಿಯ ಮೇಷ್ಟರು ಹೇಗಿರಬೇಕೆಂದು ಹದಿನಾಲ್ಕು ಸೂತ್ರಗಳನ್ನು ಬರೆಸಿದ್ದರು. ಒಂಬತ್ತನೆಯದು ಹೀಗಿತ್ತು: 'ಕೋಪವುಂಟಾದಾಗ ಕಣ್ಣು ಮುಚ್ಚಿ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸತಕ್ಕದ್ದು. ಶಿಕ್ಷಕನು ಶಾಂತನಾದರೆ ತರಗತಿಯೂ ಶಾಂತವಾಗುವುದು.' ಚಂದ್ರಯ್ಯ ಅದರ ಕೆಳಗೆ ಕೆಂಪು ಮಸಿಯಲ್ಲಿ ಗೆರೆ ಎಳೆದುಕೊಂಡಿದ್ದ.

ಮೂವತ್ತೇಳನೇ ಇಸವಿಯ ಮುಂಗಾರಿನಲ್ಲಿ ಅವನು ಅಣ್ಣೇಕಟ್ಟೆಗೆ ಬಂದಾಗ ಅವನಿಗೆ ಇಪ್ಪತ್ತು ವರ್ಷ. ಅರಕಲಗೂಡಿನಲ್ಲಿ ಅಪ್ಪನ ಬಟ್ಟೆ ಅಂಗಡಿ ಮುಚ್ಚಿಹೋಗಿ ಮೂರು ವರ್ಷವಾಗಿತ್ತು. ಮನೆಯಲ್ಲಿ ತಾಯಿ ಸುವರ್ಣಮ್ಮನೂ ಇಬ್ಬರು ತಂಗಿಯರೂ ಇವನ ಕೆಲಸ ಖಾಯಂ ಆಗುವುದನ್ನೇ ಕಾಯುತ್ತಿದ್ದರು. ಖಾಯಂ ಆಗುವುದು ಇನ್ಸ್‌ಪೆಕ್ಟರ ಒಂದು ಹಾಳೆ ವರದಿಯ ಮೇಲೆ. ವರದಿ ಕೆಟ್ಟರೆ ತರಬೇತಿಯೂ ಹದಿನಾಲ್ಕು ಸೂತ್ರವೂ ನೀರಿನಲ್ಲಿ ಹೋಮ.

ಮೊದಲ ತಿಂಗಳು ಅವನು ಪಟ್ಟ ಪಾಡು ನಾಯಿಗೂ ಬೇಡ. ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಒಬ್ಬ ಮೇಕೆಯಂತೆ ಅರಚುತ್ತಿದ್ದ, ಇನ್ನೊಬ್ಬ ಅದನ್ನು ಮಾರುವುದಕ್ಕೆ ಹರಾಜು ಕೂಗುತ್ತಿದ್ದ. ಹಳೆಯ ಮೇಷ್ಟರು ಹುಡುಗರನ್ನು ಕೋದಂಡಕ್ಕೆ ಏರಿಸಲು ತೊಲೆಗೆ ಕಟ್ಟಿದ್ದ ಹಗ್ಗ ಇನ್ನೂ ನೇತಾಡುತ್ತಿತ್ತು. ಇವನ ಕಾಲದಲ್ಲಿ ಅದು ಉಯ್ಯಾಲೆಯಾಯಿತು. ಅವನು ಆ ಮಕ್ಕಳನ್ನು ಮನಸಾರೆ ಹೀಗಳೆದ. ಅವರ ಎಣ್ಣೆ ಕಾಣದ ತಲೆ, ಉಗುರಿನ ಸಂದಿಯ ರಾಗಿ ಹಿಟ್ಟು, ಮೂಗಿನಿಂದ ಇಳಿದು ತುಟಿಗೆ ಬಂದರೂ ಒರೆಸಿಕೊಳ್ಳದ ಸೋಮಾರಿತನ, ಎಲ್ಲವೂ ಅವನಿಗೆ ವಾಕರಿಕೆ ತರಿಸುತ್ತಿತ್ತು. ದನ ಕಾಯುವವನಿಗೆ ದನವಾದರೂ ಹಾಲು ಕೊಡುತ್ತದೆ ಎಂದುಕೊಳ್ಳುತ್ತಿದ್ದ. ಊರೂ ಅವನನ್ನು ಅಷ್ಟೇ ಹೀಗಳೆಯುತ್ತಿತ್ತು. ಹೊಡೆಯದವನು ಮೇಷ್ಟರೇ ಅಲ್ಲ ಎಂಬುದು ಅವರ ಶಾಸ್ತ್ರ. ಅವನಿಗೆ ಪೀಚು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹೊಡೆಯದಿರುವುದಕ್ಕೆ ಹೆದರಿಕೆಯೇ ಕಾರಣವಾಗಿತ್ತು, ಚಂದ್ರಯ್ಯ ಮಾತ್ರ ಅದನ್ನು ಮನಶ್ಶಾಸ್ತ್ರ ಎಂದು ಕರೆದುಕೊಳ್ಳುತ್ತಿದ್ದ.

ಎರಡನೇ ತಿಂಗಳಿನಿಂದ ಸೂತ್ರ ಕೆಲಸ ಮಾಡತೊಡಗಿತು. ಅವನು ಕಣ್ಣು ಮುಚ್ಚಿದನೋ ಇಲ್ಲವೋ, ಗದ್ದಲ ನಿಲ್ಲುತ್ತಿತ್ತು. ಚಂದ್ರಯ್ಯ ನಂಜಯ್ಯನವರಿಗೆ ಎರಡು ಪುಟದ ಕಾಗದ ಬರೆದು, ಬೆತ್ತ ಮುಟ್ಟದೆ ನಲವತ್ತೊಂದು ಮಕ್ಕಳನ್ನು ಹದಕ್ಕೆ ತಂದ ಬಗೆಯನ್ನು ವಿವರಿಸಿದ.

ಅಸಲು ಸಂಗತಿ ಬೇರೆ ಇತ್ತು. ಶಾಲೆಯ ಕಸ ಗುಡಿಸುತ್ತಿದ್ದ ಕಲ್ಲಮ್ಮ ಒಂದು ದಿನ ಬಾಗಿಲಲ್ಲಿ ನಿಂತು ಅವನು ಎಣಿಸುವುದನ್ನು ನೋಡಿದ್ದಳು. ಅವಳ ಗಂಡ ಬೋರಪ್ಪ ಆ ಊರಿನ ಚೇಳಿನ ಮಂತ್ರದವನು. ಹೋದ ವರ್ಷ ಸತ್ತಿದ್ದ. ಅವನೂ ಹೀಗೇ ಕಣ್ಣು ಮುಚ್ಚಿ, ದನಿ ಹೊರಡಿಸದೆ ತುಟಿ ಆಡಿಸುತ್ತಿದ್ದ. ಕಲ್ಲಮ್ಮನಿಗೆ ಇನ್ನೇನು ಬೇಕು? ಸಂಜೆಯ ಹೊತ್ತಿಗೆ ಪೀಚು ಮೇಷ್ಟರಿಗೆ ಮಂತ್ರ ಗೊತ್ತು ಎಂಬ ಸುದ್ದಿ ಊರು ಸುತ್ತಿ ಬಂದಿತು. ಮಂತ್ರ ಬಲ್ಲವನನ್ನು ಆ ವಿಷಯ ಕೇಳಬಾರದು, ಕೇಳಿದರೆ ಮಂತ್ರ ಸವೆಯುತ್ತದೆ ಎಂಬುದೊಂದು ಕಟ್ಟಳೆ ಇದ್ದುದರಿಂದ ಯಾರೂ ಅವನ ಮುಂದೆ ಬಾಯಿ ಬಿಡಲಿಲ್ಲ. ಅಮಾವಾಸ್ಯೆಯ ದಿನ ಅವನ ಬಾಗಿಲಲ್ಲಿ ಎರಡು ನಿಂಬೆಹಣ್ಣು ಇಟ್ಟು ಹೋದರು. ಅವನು ಪಾನಕ ಮಾಡಿಕೊಂಡು ಕುಡಿದ.

ನಾಲ್ಕನೇ ತಿಂಗಳ ಒಂದು ಗುರುವಾರ ಟಪಾಲು ಬಂತು. ಸೋಮವಾರ ಇನ್ಸ್‌ಪೆಕ್ಟರು ತಪಾಸಣೆಗೆ ಬರುತ್ತಾರೆ. ಮಾರನೆಯ ದಿನ ಚಂದ್ರಯ್ಯ ಒಂದನೇ ಕ್ಲಾಸಿಗೆ ಅಂಕಿ, ಎರಡನೆಯದಕ್ಕೆ ಮಗ್ಗಿ, ಮೂರನೆಯದಕ್ಕೆ ಮೈಸೂರು ಸಂಸ್ಥಾನದ ನದಿಗಳನ್ನು ಗಿಣಿಪಾಠ ಮಾಡಿಸುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಬಿಡುವ ಹೊತ್ತು. ಬೈರಮ್ಮ ಎಂಬ ಹೆಂಗಸು ಮಗುವೊಂದನ್ನು ಎತ್ತಿಕೊಂಡು ಓಡುತ್ತ ಬಂದು, ಪಾಠ ನಡೆಯುತ್ತಿದ್ದ ಕೋಣೆಗೆ ನುಗ್ಗಿ, ಮಗುವನ್ನು ಅವನ ಮೇಜಿನ ಮೇಲೆ ಮಲಗಿಸಿದಳು. ನಾಲ್ಕು ವರ್ಷದ ಹೆಣ್ಣು ಮಗು. ಬಲಗೈ ಹಿಡಿದುಕೊಂಡು ಕಿಟಾರನೆ ಕಿರುಚುತ್ತಿತ್ತು. ಊರಿನ ಅರ್ಧ ಜನ ಹಿಂದೆಯೇ ಬಂದಿದ್ದರು.

"ಕೆಂಚೇಳು ಸಾ," ಎಂದಳು ಬೈರಮ್ಮ. "ಬೆರಣಿ ಒಟ್ಲಿಗೆ ಕೈ ಇಕ್ಬುಟ್ಲು ನಮ್ಮ ಮುದ್ದಮ್ಮ. ಬ್ಯಾಗ ಆಕಿ ಸಾ."

"ಏನು ಹಾಕಲಿ?"

"ಮಂತ್ರವ."

ಚಂದ್ರಯ್ಯ ಅವಳ ಮುಖ ನೋಡಿದ. ಪೊರಕೆ ಹಿಡಿದು ನಿಂತಿದ್ದ ಕಲ್ಲಮ್ಮ ಮುಂದೆ ಬಂದಳು.

"ನಮ್ಗೆಲ್ಲಾ ಗೊತ್ತು ಸಾ. ಕೇಳ್ಬಾರ್ದು ಅಂತ ಸುಮ್ಕಿದ್ವಿ. ನಮ್ಮ ಯಜಮಾನ್ರೂ ಇಂಗೇ ಕಣ್ಮುಚ್ಕಂಡು ತುಟಿ ಆಡ್ಸೋರು. ಕರದ್ರೆ ಉಣ್ಣೋ ಎಲೆ ಬುಟ್ಟು ಏಳೋರು, ಒಂದು ಕಾಸು ಮುಟ್ಟೋರಲ್ಲ. ಕರದಾಗ ಆಗಲ್ಲ ಅನ್ಬಾರ್ದು ಸಾ. ಅದು ಮಂತ್ರದ ಕಟ್ಟು."

ಚಂದ್ರಯ್ಯನಿಗೆ ಅರ್ಥವಾಯಿತು. ನಿಂಬೆಹಣ್ಣು ಕೂಡ ಅರ್ಥವಾಯಿತು. ಮಕ್ಕಳ ಕಡೆ ತಿರುಗಿದ. ನಲವತ್ತೊಂದು ಮುಖಗಳು ದೇವರ ಗುಡಿಯಲ್ಲಿ ಕೂತಂತೆ ಕೂತು ಅವನನ್ನೇ ನೋಡುತ್ತಿದ್ದವು. ಇಷ್ಟು ದಿನ ಇವು ಸುಮ್ಮನಿದ್ದುದು ಅವನ ಶಾಂತಿಗಲ್ಲ, ಅವನ ಪಾಠಕ್ಕಲ್ಲ, ಬೋರಪ್ಪನ ಜಾಗಕ್ಕೆ ಬಂದ ಹೊಸ ಮಂತ್ರಗಾರನಿಗೆ. ಆ ಗಳಿಗೆ ಅವನು ಆ ಮಕ್ಕಳನ್ನು ದ್ವೇಷಿಸಿದ. ಮೇಜಿನ ಮೇಲೆ ಕಿರುಚುತ್ತಿದ್ದ ಮಗುವನ್ನೂ ಸೇರಿಸಿ ದ್ವೇಷಿಸಿದ.

"ಮಂತ್ರಕ್ಕೆ ಮಾವಿನಕಾಯಿ ಉದುರುತ್ತಾ? ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದ. ಆದರೆ ಗಟ್ಟಿಯಾಗಿ ಅನ್ನಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಹುಲಿಯಪ್ಪ ಜಗಲಿಯಿಂದ ಎದ್ದಿದ್ದ. ನಾಲ್ಕು ತಿಂಗಳಲ್ಲಿ ಮೇಷ್ಟರು ಬಂದಾಗಲೂ ಏಳದ, ಹೋದಾಗಲೂ ಏಳದ ಪಟೇಲ ಎದ್ದು, ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕಂಕುಳಿಗಿಟ್ಟು, ಹೊಸ್ತಿಲಾಚೆ ತಲೆ ಬಗ್ಗಿಸಿ ನಿಂತಿದ್ದ.

"ಪುಣ್ಯ ಕಟ್ಕಳಿ ಸಾ," ಎಂದ. "ಊರೇ ನಿಮ್ಮ ಕಾಲು ಕಟ್ಕಂಡೈತೆ."

ಹೊಗಳಿಕೆ ಎಂಥವನಿಗೂ ಬೇಕು. ಇಪ್ಪತ್ತು ವರ್ಷದ ಹೆದರುಪುಕ್ಕಲನಿಗೆ ಇನ್ನಷ್ಟು ಬೇಕು. ಚಂದ್ರಯ್ಯ ಮಗುವಿನ ಕೈ ಹಿಡಿದ. ಕಣ್ಣು ಮುಚ್ಚಿದ. ಒಂದರಿಂದ ಇಪ್ಪತ್ತರವರೆಗೆ, ನಂಜಯ್ಯನವರು ಹೇಳಿದ ಹಾಗೆ, ನಿಧಾನವಾಗಿ ಎಣಿಸಿದ. "ಊದಿ ಸಾ," ಎಂದು ಕಲ್ಲಮ್ಮ ಪಿಸುಗುಟ್ಟಿದಳು. ಬೆರಳಿನ ಮೇಲೆ ಫೂ ಎಂದು ಊದಿದ.

ಮಗು ಕಿರುಚುವುದನ್ನು ನಿಲ್ಲಿಸಿತು.

"ಇಳೀತು," ಎಂದಳು ಕಲ್ಲಮ್ಮ. "ಇಸ ಇಳೀತು ಕಣ್ರವ್ವ." ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಬೈರಮ್ಮ ಅವನ ಪಾದಕ್ಕೆ ಹಣೆ ಹಚ್ಚಿದಳು. ಹುಲಿಯಪ್ಪನ ಕಣ್ಣು ಒದ್ದೆಯಾಗಿತ್ತು.

"ಸೋಮಾರ ಇನಿಸ್ಪೆಟ್ರು ಬರ್ಲಿ ಸಾ," ಎಂದ ಅವನು. "ಉಣ್ಣಾಕೆ ನಮ್ಮನೇಗೇ ಬರಾದು. ಇಂತಾ ಮೇಷ್ಟ್ರು ಮೈಸೂರ್ ಸೀಮೇಲೇ ಇಲ್ಲ ಅಂತ ನಾ ಏಳ್ತೀನಿ. ನಿಮ್ಮ ಕೆಲಸ ಎಲ್ಲೂ ಓಗಲ್ಲ."

ಚಂದ್ರಯ್ಯ ಕುರ್ಚಿಯಲ್ಲಿ ಕೂತ. ಬೇಡ ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಯಾರೋ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು. ಅದನ್ನು ಪೂರ್ತಿ ಕುಡಿದ. ನಾಚಿಕೆಗೇಡಿನ ಆ ಎರಡು ಮೂರು ನಿಮಿಷ ಅವನು ಸುಖವಾಗಿದ್ದ.

ಚೊಂಬು ಕೆಳಗಿಡುವಾಗ ಕೈ ಮಗುವಿನ ಕಾಲಿಗೆ ತಾಗಿತು. ಕಾಲು ತಣ್ಣಗಿತ್ತು. ಮುಟ್ಟಿ ನೋಡಿದರೆ ಹಣೆಯ ಮೇಲೆಲ್ಲ ಬೆವರು, ಬಾಯಿಯಿಂದ ಜೊಲ್ಲು ಸುರಿದು ಹಾಜರಿ ಪುಸ್ತಕ ಒದ್ದೆಯಾಗುತ್ತಿತ್ತು. ಮಗು ಸುಮ್ಮನಾದದ್ದು ನೋವು ಹೋಗಿ ಅಲ್ಲ, ಅಳುವುದಕ್ಕೆ ಶಕ್ತಿ ಇಲ್ಲದೆ. ಅವನು ಎದ್ದು ನಿಂತ. ಎದುರಿಗೆ ಜನ ಆಗಲೇ ಮನೆಯ ಕಡೆ ತಿರುಗುತ್ತಿದ್ದರು. ಬೈರಮ್ಮ ಮಗುವನ್ನು ಎತ್ತಿಕೊಳ್ಳಲು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಈಗ ಬಾಯಿ ಬಿಟ್ಟರೆ ಪಟೇಲನ ಮಾತು ಹೋಯಿತು, ಕೆಲಸ ಹೋಯಿತು. ಬಿಡದಿದ್ದರೆ ಮಗು ಹೋಗುತ್ತದೆ.

"ಇಳಿದಿಲ್ಲ," ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಗಂಟಲು ಹರಿಯುವಂತೆ ಕೂಗಿದ. "ವಿಷ ಇಳಿದಿಲ್ಲ. ನನಗೆ ಮಂತ್ರ ಬರಲ್ಲ. ನಾನು ಎಣಿಸ್ತಿದ್ದೆ ಅಷ್ಟೆ. ಒಂದು, ಎರಡು, ಮೂರು, ನಾಕು, ಇಪ್ಪತ್ತರ ತನಕ. ಸಿಟ್ಟು ಬಂದಾಗ ಎಣಿಸ್ತೀನಿ. ನಿಮ್ಮನ್ನೆಲ್ಲಾ ನೋಡಿದರೆ ನನಗೆ ಸಿಟ್ಟು ಬರುತ್ತೆ, ಅದಕ್ಕೇ ಎಣಿಸ್ತೀನಿ."

ಕಲ್ಲಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. "ಅಯ್ಯೋ, ಬಾಯ್ಬುಟ್ಬುಟ್ರು," ಎಂದಳು. "ಮಂತ್ರವ ಬಾಯ್ಬುಟ್ಟು ಏಳ್ಬುಟ್ರಲ್ಲ ಸಾ."

ಹುಲಿಯಪ್ಪ ಜಗಲಿಯಿಂದ ಬಾಯಲ್ಲಿದ್ದುದನ್ನು ಉಗಿದು, ವಲ್ಲಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಚಂದ್ರಯ್ಯ ಅದನ್ನು ನೋಡುತ್ತ ನಿಲ್ಲಲಿಲ್ಲ. ಮಗುವನ್ನು ಬಾಚಿ ಎತ್ತಿಕೊಂಡು, ಜನರನ್ನು ಮೊಣಕೈಯಲ್ಲಿ ತಳ್ಳಿ, ಹಿರೀಸಾವೆಯ ದಾರಿ ಹಿಡಿದು ಓಡಿದ. ಕೋಟು, ಕಚ್ಚೆಪಂಚೆ, ಬರಿಗಾಲು. ಹಿಂದೆ ಬೈರಮ್ಮ, ತನ್ನ ಮಗುವನ್ನು ಮೇಷ್ಟರು ಎತ್ತಿಕೊಂಡು ಹೋಗುತ್ತಿದ್ದಾರೆ ಎಂದು ಅರಚುತ್ತ ಓಡುತ್ತಿದ್ದಳು. ಹೊಲದಲ್ಲಿದ್ದವರು ನಿಂತು ನೋಡಿ ನಕ್ಕರು. ಅರ್ಧ ದಾರಿಯಲ್ಲಿ ಕಚ್ಚೆ ಬಿಚ್ಚಿತು. ಅವನು ಅದನ್ನು ಕಟ್ಟಿಕೊಳ್ಳಲಿಲ್ಲ, ಬಾಯಲ್ಲಿ ಕಚ್ಚಿಕೊಂಡು ಓಡಿದ.

ಎರಡು ಮೈಲಿ. ಹಿರೀಸಾವೆಯಲ್ಲಿ ಚನ್ನರಾಯಪಟ್ಟಣದ ಬಸ್ಸು ಹೋಟೆಲಿನ ಮುಂದೆ ನಿಂತಿತ್ತು. ಡ್ರೈವರು ಒಳಗೆ ಬೆಂಚಿನ ಮೇಲೆ ಕಾಲು ಮಡಿಚಿ ಕೂತು ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ ಆರಿಸುತ್ತಿದ್ದ.

"ಇನ್ನೂ ಇಪ್ಪತ್ತು ನಿಮಿಷ ಐತೆ ಸ್ವಾಮಿ," ಎಂದ. "ಕೂತ್ಕಳಿ ಸುಮ್ನೆ."

"ಏಳೋ ಬೋಳೀಮಗನೆ," ಎಂದ ಚಂದ್ರಯ್ಯ.

ಹೋಟೆಲಿನಲ್ಲಿದ್ದವರೆಲ್ಲ ತಲೆ ಎತ್ತಿದರು. ಅವನು ಡ್ರೈವರನ ಬಟ್ಟಲನ್ನು ಕಾಲಿನಿಂದ ಒದ್ದ. ಅರಕಲಗೂಡಿನ ಸಂತೆಯಲ್ಲಿ ಚಿಕ್ಕಂದಿನಲ್ಲಿ ಕೇಳಿ, ಒಮ್ಮೆಯೂ ನಾಲಿಗೆಗೆ ತಂದಿರದ ಬೈಗುಳಗಳೆಲ್ಲ ಒಂದರ ಹಿಂದೊಂದು ಹೊರಬಂದವು. ಡ್ರೈವರನ ತಾಯಿಯನ್ನು ಬೈದ, ಅಜ್ಜಿಯನ್ನು ಬೈದ, ಬಸ್ಸಿನ ಮಾಲೀಕನ ವಂಶವನ್ನು ಬೈದ. ಬೈಯುತ್ತ ಬೈಯುತ್ತ ಅತ್ತ. ಹದಿನಾಲ್ಕು ಸೂತ್ರದಲ್ಲಿ ಒಂದೂ ಅವನ ನೆನಪಿಗೆ ಬರಲಿಲ್ಲ. ಡ್ರೈವರು ಮಗುವಿನ ಮುಖ ನೋಡಿದ, ಮೇಷ್ಟರ ಮುಖ ನೋಡಿದ, ಎದ್ದು ಹೋಗಿ ಬಸ್ಸು ಹೂಡಿದ.

ಚನ್ನರಾಯಪಟ್ಟಣದ ಡಾಕ್ಟರು ಸೂಜಿ ಹಾಕಿದರು. ಎರಡು ರಾತ್ರಿ ಅಲ್ಲೇ ಇರಬೇಕೆಂದರು. ಇನ್ನರ್ಧ ಗಂಟೆ ತಡವಾಗಿದ್ದರೆ ತಮ್ಮ ಕೈಯಲ್ಲೂ ಆಗುತ್ತಿರಲಿಲ್ಲ ಎಂದರು. ಬೈರಮ್ಮನ ಗಂಡ ಗಾಡಿ ಬಾಡಿಗೆಗೆ ತಿಪಟೂರಿಗೆ ಹೋಗಿದ್ದ. ಆಸ್ಪತ್ರೆಯ ವರಾಂಡದಲ್ಲಿ ಅವಳೊಬ್ಬಳನ್ನೇ ಬಿಟ್ಟು ಬರಲು ಚಂದ್ರಯ್ಯನಿಗೆ ಮನಸ್ಸಾಗಲಿಲ್ಲ. ತಪಾಸಣೆಗೆ ಗೋಡೆಗೆ ಸುಣ್ಣ ಬಳಿಸಬೇಕಾಗಿದ್ದ ಶನಿವಾರವನ್ನೂ ಭಾನುವಾರವನ್ನೂ ಅವನು ಅಲ್ಲಿ ಕಾಫಿ ತರುತ್ತ, ಗಂಜಿ ತರುತ್ತ ಕಳೆದ. ಭಾನುವಾರ ಸಂಜೆ ಮೂವರೂ ಬಸ್ಸಿನಲ್ಲಿ ಹಿಂತಿರುಗಿದರು. ಮುದ್ದಮ್ಮ ತಾಯಿಯ ತೊಡೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು.

"ಒಂದು ಮಾತು ಏಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ ಸಾ," ಎಂದಳು ಬೈರಮ್ಮ. "ನೀವು ಮಂತ್ರ ಬಾಯ್ಬುಟ್ಟಿದ್ದು ತಪ್ಪು. ಇಳಿದಿದ್ದ ಇಸ ಅದ್ಕೇ ತಿರ್ಗಾ ಏರ್ತು."

"ಅದು ಮಂತ್ರ ಅಲ್ಲ ಕಣಮ್ಮ."

"ಇರ್ಲಿ ಬುಡಿ. ತಪ್ಪು ಮಾಡಿದ್ಮೇಲೆ ಓಡುದ್ರಲ್ಲ, ಅದು ಸರಿ. ಓಡ್ದೇ ಇದ್ರೆ ನಾ ನಿಮ್ಮ ಮುಖ ನೋಡ್ತಿರ್ಲಿಲ್ಲ."

ದಡ್ಡರಿಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದುಕೊಂಡು ಚಂದ್ರಯ್ಯ ಕಿಟಕಿಯ ಆಚೆ ನೋಡಿದ. ಆದರೆ ಮುದ್ದಮ್ಮ ಬನ್ನಿನ ತುಂಡೊಂದನ್ನು ಅವನ ಬಾಯಿಗೆ ತುರುಕಿದಾಗ ತಿಂದ.

ಊರಿನಲ್ಲಿ ತೀರ್ಪು ಆಗಿಹೋಗಿತ್ತು. ಪೀಚು ಮೇಷ್ಟರದು ಅಂಕಿಯ ಮಂತ್ರ. ದೊಡ್ಡ ಮಂತ್ರಗಳೆಲ್ಲ ಹಾಗೇ, ಕೇಳುವುದಕ್ಕೆ ಸುಲಭ. ಆದರೆ ಮೇಷ್ಟರಿಗೆ ಬಾಯಿ ನಿಲ್ಲುವುದಿಲ್ಲ, ಎದೆಯಲ್ಲಿ ಗುಂಡಿಗೆಯೂ ಇಲ್ಲ. ಸೋಮವಾರ ಬೆಳಿಗ್ಗೆ ಹಿರೀಸಾವೆಯಿಂದ ಗಾಡಿಯಲ್ಲಿ ಬಂದಿಳಿದ ಇನ್ಸ್‌ಪೆಕ್ಟರಿಗೆ ಹುಲಿಯಪ್ಪ ಉಪ್ಪಿಟ್ಟು, ಬಾಳೆಹಣ್ಣಿನ ಜೊತೆಗೆ ಮೇಷ್ಟರ ಮೇಲಿನ ದೂರನ್ನೂ ಬಡಿಸಿದ. ಮಂತ್ರದ ಸುದ್ದಿಯನ್ನು ಮಾತ್ರ ಎತ್ತಲಿಲ್ಲ. ಅದು ಊರಿನ ಒಳಗಿನ ಮಾತು. ಮೇಷ್ಟರು ಶುಕ್ರವಾರ ಶಾಲೆಯನ್ನು ನಡುವೆಯೇ ಬಿಟ್ಟು ಓಡಿದ್ದನ್ನೂ, ಶನಿವಾರ ಬಾಗಿಲೇ ತೆರೆಯದಿದ್ದುದನ್ನೂ ವಿವರವಾಗಿ ಹೇಳಿದ.

ಇನ್ಸ್‌ಪೆಕ್ಟರು ಜರಿಪೇಟದ, ದಪ್ಪ ಕನ್ನಡಕದ, ಊಟವಾದ ಮೇಲೆ ಊರು ಸುಧಾರಿಸುವ ಜಾತಿಯ ಮನುಷ್ಯ. ಮೇಜಿನ ಹಿಂದೆ ಚಂದ್ರಯ್ಯನ ಕುರ್ಚಿಯಲ್ಲಿ ಕೂತು, ವರದಿಯ ಹಾಳೆಯನ್ನು ಮುಂದೆ ಹರಡಿಕೊಂಡರು. ಸುಣ್ಣ ಕಾಣದ ಗೋಡೆ ನೋಡಿ ಒಂದು ಸಾಲು ಬರೆದರು. ಜೊಲ್ಲು ಒಣಗಿ ಅಂಟಿಕೊಂಡಿದ್ದ ಹಾಜರಿ ಪುಸ್ತಕದ ಹಾಳೆಗಳನ್ನು ಉಗುರಿನಿಂದ ಬಿಡಿಸಿ ಇನ್ನೊಂದು ಸಾಲು ಬರೆದರು. ಆಮೇಲೆ ಒಂದನೇ ಕ್ಲಾಸಿನ ಮುಂದಿನ ಸಾಲಿನ ಹುಡುಗನನ್ನು ಬೆರಳಿನಲ್ಲಿ ಕರೆದರು. ಆರು ವರ್ಷದ, ಅಂಗಿಗೆ ಒಂದೇ ಗುಂಡಿ ಇದ್ದ ಚಿಕ್ಕಯ್ಯ ಎಂಬ ಹುಡುಗ.

"ಒಂದರಿಂದ ಇಪ್ಪತ್ತರವರೆಗೆ ಹೇಳು."

ಹುಡುಗ ತುಟಿ ಬಿಗಿದುಕೊಂಡ.

"ಒಂದು ಆದ ಮೇಲೆ ಏನೋ?"

ಹುಡುಗ ಮೇಷ್ಟರ ಕಡೆ ನೋಡಿದ. ಬಾಯಿ ಬಿಡಲಿಲ್ಲ. ಇದೇ ಹುಡುಗ ಹೋದ ವಾರ ನಲವತ್ತರವರೆಗೆ ಪಟಪಟನೆ ಹೇಳಿದ್ದ. ಇನ್ಸ್‌ಪೆಕ್ಟರು ಪಕ್ಕದವಳನ್ನು ಕೇಳಿದರು, ಅವಳು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಳು. ಎರಡನೇ ಕ್ಲಾಸಿಗೆ ಎರಡರ ಮಗ್ಗಿ ಕೇಳಿದರು. ಒಬ್ಬರೂ ಎರಡೊಂದ್ಲ ಎರಡು ಎನ್ನಲಿಲ್ಲ. ಹೇಮಾವತಿ ಎಲ್ಲಿ ಹುಟ್ಟುತ್ತದೆ ಎಂದರೆ ಹೇಳಿದರು. ಹಸುವಿಗೆ ಎಷ್ಟು ಕಾಲು ಎಂದರೆ ಮತ್ತೆ ಮೂಗರಾದರು.

"ಏನ್ರೀ ಇದು?" ಎಂದರು ಇನ್ಸ್‌ಪೆಕ್ಟರು. "ನಾಲ್ಕು ತಿಂಗಳು ಏನು ಮಾಡ್ತಿದ್ರಿ? ನಿಮಗೆ ಸಂಬಳ ಕೊಟ್ಟು ಕಳಿಸಿದ್ದು ಇವರನ್ನು ಮೇಯಿಸೋದಕ್ಕಾ?"

ಅವರು ಎದ್ದು ಬಂದು ಚಿಕ್ಕಯ್ಯನ ಕಿವಿ ಹಿಡಿದರು. "ಹೇಳ್ತೀಯೋ ಇಲ್ವೋ?" ಕಿವಿ ಹಿಂಡಿದರು. ಹುಡುಗ ತುದಿಗಾಲಲ್ಲಿ ನಿಂತ. ಕಣ್ಣಿನಿಂದ ನೀರು ಇಳಿಯಿತು, ತುಟಿ ಮಾತ್ರ ಬಿಗಿದೇ ಇತ್ತು. ಚಂದ್ರಯ್ಯನಿಗೆ ಆ ಹುಡುಗನ ಮೇಲೆ ರೋಷ ಉಕ್ಕಿತು. ಬೇಕೆಂದೇ ಮಾಡುತ್ತಿದ್ದಾವೆ, ಪಟೇಲ ಹೇಳಿಕೊಟ್ಟಿದ್ದಾನೆ, ನನ್ನ ಅನ್ನಕ್ಕೆ ಮಣ್ಣು ಹಾಕುತ್ತಿದ್ದಾವೆ ಎಂದುಕೊಂಡ.

ಹಿಂದಿನ ಸಾಲಿನಿಂದ ದೇವರಾಜು ಎದ್ದ. ಇನ್ಸ್‌ಪೆಕ್ಟರ ಕಡೆ ತಿರುಗಿಯೂ ನೋಡದೆ, ಮೇಷ್ಟರ ಹತ್ತಿರ ಬಂದು ಕೈಕಟ್ಟಿ ನಿಂತ.

"ಸಾ, ಅವ್ನು ಏಳಲ್ಲ ಸಾ. ನಾವ್ಯಾರೂ ಏಳಲ್ಲ," ಎಂದ ಮೆಲ್ಲಗೆ. "ನಿಮ್ಮ ಬಾಯಿಂದ ಒಂದ್ಸಲ ಆಚೆ ಬಂದೈತೆ. ಶಿಷ್ಯರಾದೋರೂ ಬಾಯ್ಬುಟ್ರೆ ಮುದ್ದಮ್ಮುಂಗೆ ಇಸ ತಿರ್ಗಾ ಏರ್ತದಂತೆ. ಕಲ್ಲಮ್ಮ ಏಳವ್ಳೆ. ಅದ್ಕೇ ನಾವೆಲ್ಲಾ ಮಾರಮ್ಮನ ಗುಡೀಲಿ ಆಣೆ ಇಕ್ಕಂಡಿದೀವಿ."

ಚಂದ್ರಯ್ಯ ಚಿಕ್ಕಯ್ಯನನ್ನು ನೋಡಿದ. ಇನ್ಸ್‌ಪೆಕ್ಟರ ಬೆರಳಿನ ನಡುವೆ ಕಿವಿ ಕೆಂಪಗಾಗಿತ್ತು. ಹುಡುಗನ ಮೂಗಿನಿಂದ ಸುರಿದದ್ದು ಬಿಗಿದ ತುಟಿಯ ಮೇಲೆ ನಿಂತಿತ್ತು. ನಾಲ್ಕು ತಿಂಗಳು ವಾಕರಿಸಿಕೊಂಡು ನೋಡಿದ ಅದೇ ಮೂಗು, ಅದೇ ತುಟಿ. ಅವನಿಗೆ ನಾಚಿಕೆಯಾಯಿತು. ಮಜ್ಜಿಗೆ ಕುಡಿದು ಕೂತಿದ್ದ ಆ ಎರಡು ಮೂರು ನಿಮಿಷಕ್ಕೂ ಈ ಹುಡುಗ ತುದಿಗಾಲಲ್ಲಿ ನಿಂತ ಹೊತ್ತಿಗೂ ಇರುವ ಅಂತರ ನೆನೆದು ಅವನಿಗೆ ತಲೆ ಎತ್ತಲಾಗಲಿಲ್ಲ.

"ಗುರು ಅಪ್ಪಣೆ ಆದ್ರೆ ಏಳ್ಬೋದಂತೆ ಸಾ," ಎಂದ ದೇವರಾಜು. "ಆವಾಗ ಏನೂ ಆಗಲ್ವಂತೆ."

"ಅದೇನ್ರೀ ಪಿಸಪಿಸ?" ಎಂದರು ಇನ್ಸ್‌ಪೆಕ್ಟರು. "ಯಾವ ಗುರು? ಏನು ಅಪ್ಪಣೆ?"

ಅದು ಮಂತ್ರವಲ್ಲ ಎಂದು ಇನ್ನೊಮ್ಮೆ ಹೇಳಬಹುದಾಗಿತ್ತು. ಹೇಳಿದರೆ ಇವು ನಂಬುವುದಿಲ್ಲ, ಕಿವಿ ಹರಿದು ಬಂದರೂ ಬಾಯಿ ಬಿಡುವುದಿಲ್ಲ. ಅಪ್ಪಣೆ ಕೊಟ್ಟರೆ ಸರ್ಕಾರದ ಶಾಲೆಯಲ್ಲಿ ಮಾಟ ಮಂತ್ರ ಕಲಿಸುತ್ತಾನೆಂದು ವರದಿಯಾಗುತ್ತದೆ. ಅವನು ಎಣಿಸಲಿಲ್ಲ. ಮುಂದೆ ಹೋಗಿ ಇನ್ಸ್‌ಪೆಕ್ಟರ ಕೈಯನ್ನು ಚಿಕ್ಕಯ್ಯನ ಕಿವಿಯಿಂದ ಬಿಡಿಸಿದ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಅವರು ಬೆಪ್ಪಾಗಿ ಹಿಂದೆ ಸರಿದು ಕುರ್ಚಿಯಲ್ಲಿ ಕೂತರು.

"ಕೇಳ್ರಪ್ಪ," ಎಂದ ಚಂದ್ರಯ್ಯ ಮಕ್ಕಳಿಗೆ. "ನಾನು ಕಟ್ಟು ಬಿಚ್ಚಿದ್ದೀನಿ. ಮುದ್ದಮ್ಮನಿಗೆ ಇನ್ನೇನೂ ಆಗಲ್ಲ. ಅದು ನನ್ನ ಜವಾಬ್ದಾರಿ. ಗುರುವಿನ ಅಪ್ಪಣೆಯಾಗಿದೆ. ಹೇಳಿ."

ನಲವತ್ತೊಂದು ಮಕ್ಕಳೂ ಎದ್ದು ನಿಂತರು. ಕಣ್ಣು ಮುಚ್ಚಿದರು. ಎರಡೂ ಅಂಗೈಗಳನ್ನು ಮುಂದೆ ಊರಿದಂತೆ ಗಾಳಿಯಲ್ಲಿ ಹಿಡಿದರು. ಒಂದು, ಎಲ್ಡು, ಮೂರು ಎಂದು ಕೋಣೆಯ ತುಂಬ ಮೆಲ್ಲನೆಯ ಗುನುಗು ಎದ್ದಿತು. ಒಬ್ಬರೂ ತಪ್ಪಲಿಲ್ಲ, ಒಬ್ಬರೂ ಅವಸರ ಮಾಡಲಿಲ್ಲ. ಚಿಕ್ಕಯ್ಯ ಬಿಕ್ಕುತ್ತಲೇ ಹದಿನೇಳು, ಹದಿನೆಂಟು ಎಂದ. ಜಗಲಿಯ ಮೇಲೆ ಹುಲಿಯಪ್ಪ ಎದ್ದು ನಿಂತದ್ದು ಕಂಬದ ಮರೆಯಿಂದ ಕಾಣುತ್ತಿತ್ತು.

ಇನ್ಸ್‌ಪೆಕ್ಟರು ಲೇಖನಿಯನ್ನು ಮಸಿಯಲ್ಲಿ ಅದ್ದಿ, ಎಲ್ಲಿ ಬರೆಯಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದರು. ಇಪ್ಪತ್ತಕ್ಕೆ ಬಂದದ್ದೇ ನಲವತ್ತೊಂದು ಬಾಯಿಗಳು ಒಟ್ಟಿಗೆ ಫೂ ಎಂದು ಊದಿದವು. ಮೇಜಿನ ಮೇಲಿದ್ದ ವರದಿಯ ಹಾಳೆ ಎದ್ದು, ಒಂದು ಸಲ ಹೊರಳಿ, ಬರೆಯದ ಮೈ ಮೇಲಾಗಿ ಬಿತ್ತು.